ಬೂದಿ ಗುಡಿಸಿದ ತಾರಸಿ

ನಾನು ಇದುವರೆಗೆ ಒಂದೇ ಒಂದು ಜ್ವಾಲಾಮುಖಿಯನ್ನೂ ಕಣ್ಣಾರೆ ಕಂಡವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮ್ಯೂನಿಕ್‌ನಲ್ಲಿ ಕನ್ನಡದವರ ಯಾವ ಹಬ್ಬದ ಊಟಕ್ಕೆ ಹೋದರೂ ಯಾರಾದರೊಬ್ಬರು ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಹತ್ತಿರ ಬಂದು, "ನೀವು ವಾಲ್ಕೇನೋ ಸೈಂಟಿಸ್ಟ್ ಅಂತೆ, ಡೇಂಜರ್ ಅಲ್ವಾ ಮೇಡಂ?" ಎಂದು ಕಣ್ಣರಳಿಸುತ್ತಾರೆ. ನನ್ನ ಕೆಲಸದಲ್ಲಿರುವ ದೊಡ್ಡ ಅಪಾಯವೆಂದರೆ ಕುತ್ತಿಗೆ ನೋವು. ನಾನು ಕೂರುವುದು ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನ ಒಂದು ಕಚೇರಿಯಲ್ಲಿ, ಎರಡು ಪರದೆಗಳ ಮುಂದೆ. ಕಿಟಕಿಯಿಂದ ಕಾಣುವುದು ಪಕ್ಕದ ಟಿವಿ ಕಂಪನಿಯ ಪಾರ್ಕಿಂಗ್ ಜಾಗ. ಉಪಗ್ರಹಗಳು ತೆಗೆದ ಚಿತ್ರ ಬರುತ್ತದೆ. ಅದರಲ್ಲಿ ಲಾವಾ ಎಲ್ಲಿಯವರೆಗೆ ಬಂದಿದೆ ಎಂದು ನೋಡಿ ಅದರ ಅಂಚಿಗೆ ಗೆರೆ ಎಳೆಯುತ್ತೇನೆ. ಮಾರನೆಯ ದಿನ ಹೊಸ ಚಿತ್ರ, ಹೊಸ ಗೆರೆ. ಇದಕ್ಕೆ ಸೈಂಟಿಸ್ಟ್ ಎಂದರೆ ನನಗೇ ನಗು ಬರುತ್ತದೆ.

ಹಾಗೆಂದು ಹಗುರವಾದ ಕೆಲಸವೂ ಅಲ್ಲ. ನಾವು ಕಳಿಸುವ ನಕ್ಷೆ ನೋಡಿಕೊಂಡೇ ಅಲ್ಲಿನ ಆಡಳಿತದವರು ಯಾವ ರಸ್ತೆ ಮುಚ್ಚಬೇಕು, ಯಾವ ಊರಿನವರನ್ನು ಎಬ್ಬಿಸಿ ಕಳಿಸಬೇಕು ಎಂದು ತೀರ್ಮಾನಿಸುತ್ತಾರೆ. ಗೆರೆಯ ಒಳಗೆ ಬಿದ್ದ ಮನೆಗಳಿಗೆ 'ನಾಶವಾಗಿದೆ' ಎಂದು ಕೆಂಪು ಬಣ್ಣ ಹಚ್ಚುವವರೂ ನಾವೇ. ಅದಕ್ಕೆಂದೇ ಒಂದು ನಿಯಮವಿದೆ. ಜರ್ಮನಿಯವರು ಅದನ್ನು ನಾಲ್ಕು ಕಣ್ಣಿನ ನಿಯಮ ಎನ್ನುತ್ತಾರೆ. ಒಬ್ಬರು ಎಳೆದ ಗೆರೆಯನ್ನು ಇನ್ನೊಬ್ಬರು ಕೂತು ನೋಡಿ ಸರಿ ಎನ್ನದೆ ಯಾವ ನಕ್ಷೆಯೂ ಹೊರಗೆ ಹೋಗುವಂತಿಲ್ಲ. ಮೊದಮೊದಲು ನನಗೆ ಇದರಿಂದ ಅವಮಾನವಾಗುತ್ತಿತ್ತು, ಶಾಲೆಯಲ್ಲಿ ಪಕ್ಕದವಳ ಹತ್ತಿರ ಲೆಕ್ಕ ತಿದ್ದಿಸಿಕೊಂಡ ಹಾಗೆ. ಈಗ ಆ ನಿಯಮ ಇಲ್ಲದಿದ್ದರೆ ನಾನು ಈ ಕೆಲಸದಲ್ಲೇ ಇರುತ್ತಿರಲಿಲ್ಲ. ಯಾರದೋ ಮನೆ ಹೋಯಿತು ಎಂದು ಒಬ್ಬಳೇ ಹೇಳುವ ಧೈರ್ಯ ನನಗಿಲ್ಲ.

ಪಕ್ಕದ ಮೇಜಿನವಳು ನನಗಿಂತ ಸುಮಾರು ಚಿಕ್ಕವಳು. ಅವಳ ಊರು ಅಟ್ಲಾಂಟಿಕ್ ಸಮುದ್ರದ ಒಂದು ಸಣ್ಣ ದ್ವೀಪ, ಮನೆಮಾತು ಸ್ಪ್ಯಾನಿಷ್. ನಮ್ಮಿಬ್ಬರ ನಡುವೆ ಮಾತು ಜರ್ಮನ್‌ನಲ್ಲಿ, ಅವಸರವಾದರೆ ಇಂಗ್ಲಿಷಿನಲ್ಲಿ. ಎರಡೂ ಇಬ್ಬರಿಗೂ ಅಷ್ಟಕ್ಕಷ್ಟೆ. ಆದರೆ ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಕೂತು ಅವಳು ಏನು ಹೇಳಿದರೂ ನನ್ನ ಕಿವಿಗೆ ನನ್ನೂರು ಉಡುಪಿಯ ಕನ್ನಡದಲ್ಲೇ ಬಂದು ಬೀಳುತ್ತದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ, ಅವಳ ಅಭ್ಯಂತರ ಇರಲಿಕ್ಕಿಲ್ಲ. ಲಾವಾದ ಅಂಚು ಹಿಡಿಯುವುದರಲ್ಲಿ ನಮ್ಮ ತಂಡದಲ್ಲಿ ಅವಳದೇ ಎತ್ತಿದ ಕೈ. ಹೆಚ್ಚಿನ ದಿನ ನನ್ನ ಗೆರೆಗೆ ಎರಡನೆಯ ಜೋಡಿ ಕಣ್ಣು ಅವಳದೇ. "ಇದೆಂತ ಮಾರಾಯ್ತಿ, ನಿದ್ದೆಯಲ್ಲಿ ಎಳೆದದ್ದಾ?" ಎಂದು ಕೇಳುವಷ್ಟು ಸಲಿಗೆ ಇತ್ತು ನಮ್ಮಲ್ಲಿ.

ಆ ವರ್ಷ ಅವಳ ದ್ವೀಪದ ನೆಲ ನಡುಗಲು ಶುರುವಾಯಿತು. ಮೊದಲು ಬಹಳ ಆಳದಲ್ಲಿ, ಮನುಷ್ಯರಿಗೆ ಗೊತ್ತೇ ಆಗದಂಥ ಸಣ್ಣ ಕಂಪನಗಳು. ಅವು ನಮ್ಮ ಪರದೆಗೆ ಚುಕ್ಕೆಗಳಾಗಿ ಬರುತ್ತವೆ. ಆ ಚುಕ್ಕೆಗಳು ದಿನದಿನಕ್ಕೆ ಆಳ ಬಿಟ್ಟು ಮೇಲೆ ಬರುತ್ತಿದ್ದರೆ, ಒಳಗೆ ಕರಗಿದ ಕಲ್ಲು ಹೊರಬರಲು ದಾರಿ ಹುಡುಕುತ್ತಿದೆ ಎಂದು ಅರ್ಥ. ಅವು ಬರುತ್ತಲೇ ಇದ್ದವು. ಅವಳ ಅಮ್ಮ ಇದ್ದದ್ದು ಅದೇ ಬೆಟ್ಟದ ಇಳಿಜಾರಿನ ಊರಿನಲ್ಲಿ. ಬಾಳೆಕಾಯಿ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಇನ್ನೂ ದುಡಿಯುತ್ತಿದ್ದ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ತಾನೇ ನಿಂತು ಒಂದೊಂದೇ ಕೋಣೆ ಸೇರಿಸುತ್ತಾ ಕಟ್ಟಿಸಿದ ಮನೆ ಅದು. ಅದಕ್ಕೊಂದು ಚಪ್ಪಟೆ ತಾರಸಿ. ಅದರ ಮೇಲೆ ಬಟ್ಟೆ ಒಣಗಿಸುವ ಹಗ್ಗ, ಸಂಜೆ ಕೂರುವ ಕುರ್ಚಿ. ಮಗಳ ಫೋನಿನಲ್ಲಿ ಆ ತಾರಸಿಯ ಫೋಟೋಗಳು ಎಷ್ಟಿದ್ದವೆಂದರೆ ನನಗೇ ಅದು ನೆಂಟರ ಮನೆಯ ಹಾಗೆ ಪರಿಚಯವಾಗಿತ್ತು.

ನೆಲ ನಡುಗಿದಾಗಲೆಲ್ಲ ಅಮ್ಮನ ಫೋನ್ ಬರುತ್ತಿತ್ತು. ಈಗ ಬಂದದ್ದು ಎಷ್ಟು ದೊಡ್ಡದು, ಎಷ್ಟು ಆಳದ್ದು ಎಂದು ವಿಚಾರಿಸಲಿಕ್ಕೆ. ಅಲ್ಲಿ ಅವರದೇ ವಿಜ್ಞಾನಿಗಳಿದ್ದರು, ಟಿವಿ ಇತ್ತು, ಮೈಕ್ ಕಟ್ಟಿಕೊಂಡ ಪೊಲೀಸ್ ಜೀಪು ಊರೆಲ್ಲ ಸುತ್ತುತ್ತಿತ್ತು. ಅಮ್ಮನಿಗೆ ಯಾವುದರಲ್ಲೂ ನಂಬಿಕೆ ಇಲ್ಲ. "ಟಿವಿಯವರು ಬಾಯಿಗೆ ಬಂದದ್ದು ಹೇಳ್ತಾರೆ. ನೀನು ಅಲ್ಲಿ ಮೇಲಿಂದ ನೋಡ್ತಿ ಅಲ್ವಾ? ನೀನು ನೋಡಿ ಹೇಳಿದ್ರೆ ಮಾತ್ರ ನಾನು ನಂಬುದು" ಎನ್ನುತ್ತಿದ್ದರಂತೆ. ಮಗಳು ಫೋನ್ ಇಟ್ಟು ನನ್ನ ಕಡೆ ತಿರುಗಿ, "ನಾನು ಆಕಾಶದಲ್ಲಿ ಕೂತಿದ್ದೇನೆ ಹೇಳಿ ಲೆಕ್ಕ ಅಮ್ಮನದ್ದು" ಎಂದು ನಗುತ್ತಿದ್ದಳು. ಆ ನಗು ಹೆಚ್ಚು ದಿನ ಇರಲಿಲ್ಲ.

ಬೆಟ್ಟ ಒಡೆದ ದಿನ ಊರಿನವರನ್ನೆಲ್ಲ ಹೊರಗೆ ಕಳಿಸಿಯಾಗಿತ್ತು. ಅಮ್ಮ ದ್ವೀಪದ ಇನ್ನೊಂದು ಬದಿಯಲ್ಲಿದ್ದ ತಂಗಿಯ ಮನೆ ಸೇರಿದ್ದರು. ಹಾಗಾಗಿ ಜೀವದ ಭಯ ಇರಲಿಲ್ಲ. ಉಳಿದದ್ದು ಮನೆ ಒಂದೇ. ಅದು ಉಳಿಯುತ್ತದೋ ಇಲ್ಲವೋ ಎನ್ನುವುದಷ್ಟೇ ಪ್ರಶ್ನೆ. ಲಾವಾ ಹರಿದುಬರುವ ದಾರಿಯಿಂದ ಆ ಮನೆ ತುಸು ಪಕ್ಕಕ್ಕಿತ್ತು, ತುಸುವೇ. ಮತ್ತೆ, ಲಾವಾ ಎಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಬೆನ್ನಟ್ಟಿಕೊಂಡು ಓಡಿಬರುವುದಿಲ್ಲ. ರುಬ್ಬಿಟ್ಟ ದೋಸೆ ಹಿಟ್ಟು ಉಬ್ಬಿ ಪಾತ್ರೆಯ ಅಂಚು ದಾಟಿ ಕಟ್ಟೆಯ ಮೇಲೆ ಇಳಿಯುತ್ತದಲ್ಲ, ಸಮತಟ್ಟು ಜಾಗಕ್ಕೆ ಬಂದ ಮೇಲೆ ಅದರ ನಡಿಗೆ ಹೆಚ್ಚುಕಡಿಮೆ ಹಾಗೆ. ಎಡಕ್ಕೆ ತಿರುಗುತ್ತದೋ ಬಲಕ್ಕೋ, ನಿಂತೇಬಿಡುತ್ತದೋ ಎಂದು ಕಾಯುವುದೇ ಒಂದು ಶಿಕ್ಷೆ.

ನಮ್ಮ ತಂಡಕ್ಕೆ ಆ ದ್ವೀಪದ ನಕ್ಷೆಯ ಕೆಲಸ ಬಂತು. ತಂಡದ ಮುಖ್ಯಸ್ಥ ಒಳ್ಳೆಯ ಮನುಷ್ಯ, ಮಾತು ಕಡಿಮೆ. ಅವಳನ್ನು ಪಕ್ಕಕ್ಕೆ ಕರೆದು, ಸ್ವಂತ ಊರಿನ ನಕ್ಷೆ ಸ್ವಂತ ಕೈಯಲ್ಲಿ ಬೇಡ ಎಂದು ಹೇಳಿ, ಬೇರೆ ಎಲ್ಲಿಯದೋ ಪ್ರವಾಹದ ನಕ್ಷೆಯ ಕೆಲಸಕ್ಕೆ ಹಾಕಿದರು. ದ್ವೀಪ ನನ್ನ ಪಾಲಿಗೆ ಬಂತು. ಎರಡನೆಯ ಜೋಡಿ ಕಣ್ಣಿಗೆ ನಮ್ಮ ತಂಡದ ಇನ್ನೊಬ್ಬರು ಇದ್ದರು, ಕಂಪ್ಯೂಟರಿನಷ್ಟೇ ಶಾಂತ ಸ್ವಭಾವದ ಮಧ್ಯವಯಸ್ಕರು. ಹೀಗೆ ಅವಳು ಕೈ ಚಾಚಿದರೆ ಮುಟ್ಟುವ ದೂರದಲ್ಲಿ ಕೂತು ಬೇರೆ ಯಾರದೋ ಊರಿನ ನೀರು ಅಳೆಯುತ್ತಿದ್ದಳು. ನಾನು ಅವಳ ಊರಿನ ಬೆಂಕಿಗೆ ಗೆರೆ ಎಳೆಯುತ್ತಿದ್ದೆ. ಬೇರೆ ಯಾರಿಗಾದರೂ ಕೊಡಿ ಎಂದು ಮುಖ್ಯಸ್ಥರ ಬಾಗಿಲವರೆಗೆ ಹೋಗಿ ವಾಪಸು ಬಂದಿದ್ದೆ. ಬೇರೆಯವರಿಗೆ ಆ ತಾರಸಿ ಗೊತ್ತಿಲ್ಲವಲ್ಲ ಎಂಬುದೊಂದು ಹುಚ್ಚು ಕಾರಣ.

ನಕ್ಷೆ ಹೊರಗೆ ಹೋದ ಮೇಲೆ ಯಾರು ಬೇಕಾದರೂ ತೆರೆದು ನೋಡಬಹುದು. ಅವಳು ನೋಡುತ್ತಿರಲಿಲ್ಲ. ನನ್ನನ್ನು ಕೇಳುತ್ತಲೂ ಇರಲಿಲ್ಲ. ಆದರೆ ಮೊದಲ ದಿನ ಕೆಲಸ ಮುಗಿಸಿದಾಗ ಮನೆ ಗೆರೆಯ ಹೊರಗಿತ್ತು. ನಾನು ಅಡುಗೆಕೋಣೆಗೆ ಹೋಗಿ ಶುಂಠಿ ಜಜ್ಜಿ ಹಾಕಿ ಟೀ ಮಾಡಿ ಅವಳ ಮೇಜಿನ ಮೇಲೂ ಒಂದು ಕಪ್ ಇಟ್ಟೆ. ಎರಡನೆಯ ದಿನವೂ ಇಟ್ಟೆ. ಮೂರನೆಯ ದಿನ ನಾನು ಎದ್ದು ಅಡುಗೆಕೋಣೆಯ ಕಡೆ ಹೋಗುವುದನ್ನು ಅವಳು ನೋಡಿ ಕುರ್ಚಿಗೆ ಒರಗಿ ಉಸಿರು ಬಿಟ್ಟದ್ದು ನನಗೆ ಕಾಣಿಸಿತು. ಅಲ್ಲಿಂದ ಅದೇ ಪದ್ಧತಿಯಾಯಿತು. ಟೀ ಬಂತು ಎಂದರೆ ಮನೆ ಉಂಟು. ನಾವಿಬ್ಬರೂ ಈ ವಿಷಯ ಬಾಯಿಬಿಟ್ಟು ಆಡಿದವರಲ್ಲ.

ವಾರಗಳು ಹೀಗೇ ಹೋದವು. ಸುಸ್ತು ಎಂಬ ಪದಕ್ಕೆ ಇಷ್ಟು ಅರ್ಥ ಇದೆ ಎಂದು ನನಗೆ ಆ ಮೊದಲು ಗೊತ್ತಿರಲಿಲ್ಲ. ಭಾನುವಾರ ಇಲ್ಲ, ರಜೆ ಇಲ್ಲ. ಬೆಟ್ಟಕ್ಕೆ ರಜೆ ಇದ್ದರಲ್ಲವೇ ನಮಗೆ ಇರುವುದು. ಹೊಗೆ ಇಲ್ಲದ ದಿನ ಮಾಮೂಲಿ ಫೋಟೋದಂಥ ಸ್ವಚ್ಛ ಚಿತ್ರ ಬರುತ್ತಿತ್ತು, ಮನೆಯಂಗಳದ ಕಾರು ಕಾಣುವಷ್ಟು. ಹೊಗೆ ಮುಚ್ಚಿದ ದಿನ ರಾಡಾರ್ ಚಿತ್ರವೇ ಗತಿ. ರಾಡಾರಿಗೆ ಹೊಗೆ ಅಡ್ಡಬರುವುದಿಲ್ಲ, ಆದರೆ ಅದು ಕೊಡುವುದು ಕಪ್ಪು ನೆಲದ ಮೇಲೆ ರವೆ ಚೆಲ್ಲಿದ ಹಾಗಿರುವ ಚಿತ್ರ. ಗೋಡೆಯಂಥ ನೆಟ್ಟಗಿರುವ ವಸ್ತು ಇದ್ದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಆ ಬಿಳಿ ಚುಕ್ಕೆಗಳನ್ನು ನೋಡಿಕೊಂಡು ಇದು ಮನೆ, ಇದು ಕಲ್ಲುರಾಶಿ ಎಂದು ಬಿಡಿಸಬೇಕು. ಕಣ್ಣು ಮುಚ್ಚಿದರೂ ರವೆಯೇ ಕಾಣುತ್ತಿತ್ತು.

ಮನೆಯಲ್ಲಿ ನನ್ನ ಅವಸ್ಥೆ ಕೇಳುವುದೇ ಬೇಡ. ನನ್ನ ಗಂಡ ಮೈಸೂರಿನವರು, ಫ್ರಾಂಕ್‌ಫರ್ಟ್‌ನ ಒಂದು ಬ್ಯಾಂಕಿನ ಐಟಿ ಕೆಲಸ. ವಾರದ ಮೊದಲ ದಿನ ರೈಲು ಹತ್ತಿದರೆ ವಾರದ ಕೊನೆಗೆ ಮನೆ. ಮಗಳಿಗೆ ನಾನು ಕನ್ನಡದಲ್ಲಿ ಊಟಕ್ಕೆ ಕರೆದರೆ ಅವಳು ಜರ್ಮನ್‌ನಲ್ಲಿ ಹಸಿವಿಲ್ಲ ಎನ್ನುತ್ತಾಳೆ. ಎಸ್-ಬಾನ್ ರೈಲು ಎಂದಿನಂತೆ ದಿನ ಬಿಟ್ಟು ದಿನ ಕೈಕೊಡುತ್ತಿತ್ತು. ಒಂದು ಬೆಳಿಗ್ಗೆ ಗಂಡ ಸೂಟ್‌ಕೇಸ್ ಎಳೆದುಕೊಂಡು ಹೊರಟು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು.

"ಏನೇ ಇದು, ಕಣ್ಣೆಲ್ಲ ಒಳಗೆ ಹೋಗಿದೆ. ಒಂದು ವಾರ ರಜಾ ಹಾಕ್ಬಾರ್ದಾ?"

"ಹಾಕ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಅವಳ ಮನೆ ಹತ್ರ ಬಂದಿದೆ."

"ನೀನು ಕಾಯ್ತಾ ಕೂತ್ರೆ ನಿಂತ್ಬಿಡತ್ತಾ ಅದು?"

"ಇಲ್ಲ. ಆದ್ರೂ."

"ಸರಿ ಬಿಡು, ನಿನ್ ಹತ್ರ ವಾದ ಮಾಡಕ್ಕಾಗಲ್ಲ. ಮನೆ ನೋಡು, ಹೇಗಾಗಿದೆ. ಕಸನಾದ್ರೂ ಗುಡಿಸ್ಕೋ."

"ನೀವು ಅಲ್ಲಿ ಮುಟ್ಟಿದ ಮೇಲೆ."

ಅವರು ನಕ್ಕರು. ಯಾರಾದರೂ ಪ್ರಯಾಣ ಹೊರಟರೆ ಅವರು ತಲುಪುವವರೆಗೆ ಮನೆಯಲ್ಲಿ ಪೊರಕೆ ಮುಟ್ಟಬಾರದು ಎನ್ನುವುದು ನಮ್ಮ ಕಡೆಯ ರೂಢಿ. ಹೋದವರ ಬೆನ್ನಿಗೇ ಗುಡಿಸುವುದು ಸಾವಿನ ಮನೆಯಲ್ಲಿ ಮಾತ್ರ. ಇಷ್ಟು ವರ್ಷ ಜರ್ಮನಿಯಲ್ಲಿದ್ದು, ಉಪಗ್ರಹದ ಚಿತ್ರ ನೋಡಿ ಸಂಬಳ ತೆಗೆದುಕೊಂಡು, ಇದೊಂದನ್ನು ಬಿಡಲು ನನ್ನಿಂದ ಆಗಿಲ್ಲ. ಫ್ರಾಂಕ್‌ಫರ್ಟ್ ಮುಟ್ಟಿದೆ ಎಂಬ ಮೆಸೇಜ್ ಬರದೆ ನಾನು ವ್ಯಾಕ್ಯೂಮ್ ಕ್ಲೀನರ್ ಕೂಡ ಹಚ್ಚುವುದಿಲ್ಲ. ಗಂಡ ಇದನ್ನು ಎಲ್ಲರೆದುರು ಹೇಳಿ ತಮಾಷೆ ಮಾಡುತ್ತಾರೆ, ಮಾಡಲಿ. ಆದರೆ ರೈಲು ಇಳಿದ ಕೂಡಲೇ "ರೀಚ್ಡ್, ಗುಡಿಸ್ಕೋ" ಎಂದು ತಪ್ಪದೆ ಕಳಿಸುವವರೂ ಅವರೇ.

ಒಂದು ದಿನ ದ್ವೀಪದ ಆಡಳಿತದವರು ಒಂದು ನಿರ್ಧಾರ ಮಾಡಿದರು. ನಮ್ಮ ನಕ್ಷೆಯಲ್ಲಿ ಆ ಊರಿನ ಮೇಲುರಸ್ತೆ ಇನ್ನೂ ತೆರೆದಿತ್ತು, ಗೆರೆ ಕೆಲವು ದಿನಗಳಿಂದ ಅಲ್ಲಾಡಿರಲಿಲ್ಲ. ಹಾಗಾಗಿ ಮನೆಯವರಲ್ಲಿ ಒಬ್ಬೊಬ್ಬರನ್ನು ಪೊಲೀಸರ ಜೊತೆ ಸ್ವಲ್ಪ ಹೊತ್ತು ಒಳಗೆ ಬಿಡುತ್ತೇವೆ, ಬೇಕಾದ್ದನ್ನು ತೆಗೆದುಕೊಂಡು ಬರಲಿ ಎಂದರು. ಹಿಂದಿನ ದಿನವೇ ಮಗಳು ಫೋನಿನಲ್ಲಿ ಅಮ್ಮನಿಗೆ ಪಾಠ ಮಾಡಿದ್ದಳು. ಪಕ್ಕದಲ್ಲಿ ಕೂತ ನನಗೆ ಸ್ಪ್ಯಾನಿಷ್ ಬಾರದಿದ್ದರೂ ಅದು ಪಾಠ ಎಂದು ಗೊತ್ತಾಗುತ್ತಿತ್ತು. ಮನೆಯ ಕಾಗದಪತ್ರ, ಅಪ್ಪನ ಫೋಟೋ, ಚಳಿಯ ಬಟ್ಟೆ. ಬೇರೆ ಯಾವುದಕ್ಕೂ ಕೈ ಹಾಕಬೇಡ. ಅಮ್ಮ ಎಲ್ಲದಕ್ಕೂ ಹೂಂ ಎಂದರಂತೆ.

ಅಮ್ಮ ಒಳಗೆ ಹೋಗಿ ಬಂದ ಮಾರನೆಯ ದಿನ ಗಾಳಿ ತಿರುಗಿ ಹೊಗೆ ಸಮುದ್ರದ ಕಡೆ ಹೋಯಿತು. ಬಹಳ ದಿನಗಳ ಮೇಲೆ ಸ್ವಚ್ಛ ಚಿತ್ರ ಬಂತು. ಬೆಟ್ಟ ಉಗುಳಿದ ಬೂದಿ ಊರಿಗೆ ಊರನ್ನೇ ಮುಚ್ಚಿತ್ತು. ರಸ್ತೆ, ಬಾಳೆತೋಟ, ಅಂಗಳ, ಛಾವಣಿ, ಎಲ್ಲ ಒಂದೇ ಬೂದುಬಣ್ಣ. ಯಾವುದು ಮನೆ ಯಾವುದು ಗದ್ದೆ ಎಂದು ನೆರಳು ನೋಡಿಯೇ ಗುರುತಿಸಬೇಕು. ನಾನು ಅಂಚಿನ ಮೇಲೆ ಕಣ್ಣು ಓಡಿಸುತ್ತಾ ಅವರ ಊರಿನ ಹತ್ತಿರ ಬಂದೆ. ಅಲ್ಲಿ ಆ ಬೂದಿಯ ನಡುವೆ ಒಂದೇ ಒಂದು ಕೆಂಪು ಚೌಕ. ಕೆಂಪು ಟೈಲ್ಸ್ ಹಾಕಿದ ತಾರಸಿ, ಮೂಲೆಯಿಂದ ಮೂಲೆಗೆ ಚೊಕ್ಕ. ಮೊದಲು ಬೆಂಕಿ ಎಂದುಕೊಂಡೆ. ದೊಡ್ಡದು ಮಾಡಿ ನೋಡಿದರೆ ಬಟ್ಟೆ ಒಣಗಿಸುವ ಕಂಬದ ನೆರಳೂ ಕಾಣಿಸಿತು.

ನಿಯಮ ಗಿಯಮ ಎಲ್ಲ ಮರೆತು ಅವಳನ್ನು ಕರೆದೆ. "ಬಾ ಇಲ್ಲಿ. ನಿನ್ನ ಅಮ್ಮ ಎಂತ ಮಾಡಿದ್ದಾರೆ ನೋಡು."

ಅವಳು ಬಂದು ಬಗ್ಗಿ ನೋಡಿದಳು. ಆಮೇಲೆ ಫೋನ್ ಎತ್ತಿಕೊಂಡು ಕಾರಿಡಾರಿಗೆ ಹೋದವಳು ವಾಪಸು ಬಂದು ಕುರ್ಚಿಯಲ್ಲಿ ಕುಸಿದು ಕೂತಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು.

"ಕೊಟ್ಟ ಹೊತ್ತೆಲ್ಲ ತಾರಸಿ ಗುಡಿಸಿದ್ದಂತೆ. ಪೊಲೀಸಿನವ ಕೆಳಗಿಂದ ಬೊಬ್ಬೆ ಹೊಡೀತಿದ್ದ, ಇವಳು ಮೇಲಿಂದ ಬುಟ್ಟಿ ಬುಟ್ಟಿ ಬೂದಿ ಸುರೀತಿದ್ಲು. ಬೂದಿಯ ಭಾರಕ್ಕೆ ತಾರಸಿ ಕುಸೀತದೆ ಹೇಳಿ ಟಿವಿಯಲ್ಲಿ ಬಂದಿತ್ತಂತೆ. ಅದೊಂದು ಮಾತ್ರ ನಂಬಿದ್ದು ನೋಡು."

"ಫೋಟೋ?"

"ಗೋಡೆಯಲ್ಲೇ ಉಂಟು. ಯಾಕೆ ತರಲಿಲ್ಲ ಕೇಳಿದೆ. ಯಾಕೆ ತರ್ಬೇಕು, ವಾಪಸ್ ಹೋಗ್ಲಿಕ್ಕುಂಟಲ್ಲ, ಅಂದ್ಲು." ಅವಳು ಮುಖ ಒರೆಸಿಕೊಂಡಳು. "ನಾನು ಎಂತ ಹೇಳುದು ಹೇಳು ಇವಳಿಗೆ? ಎಂತ ಸಾವು ಮಾರಾಯ್ತಿ ಇದು."

ಆ ದಿನ ನಾನು ಟೀಗೆ ಸಕ್ಕರೆ ಹೆಚ್ಚೇ ಹಾಕಿದೆ. ಮನೆ ಬಿಟ್ಟು ಹೊರಡುವ ಮೊದಲು ಗುಡಿಸಿ ಚೊಕ್ಕ ಮಾಡಿ ಬಾಗಿಲು ಹಾಕುವುದು ನಮ್ಮಲ್ಲೂ ಉಂಟು, ವಾಪಸು ಬರುವವರು ಮಾಡುವುದೇ ಹಾಗೆ ಎಂದು ಅವಳಿಗೆ ಹೇಳಿದೆ. ಪ್ರಯಾಣ ಹೋದವರು ಮುಟ್ಟುವ ತನಕ ಪೊರಕೆ ಮುಟ್ಟದ ನಮ್ಮ ರೂಢಿಯನ್ನೂ ಹೇಳಿದೆ. "ನೀವೆಲ್ಲ ಪೊರಕೆಗೂ ನಿಯಮ ಮಾಡಿದ್ದೀರಾ, ಜರ್ಮನಿಯವರಿಗಿಂತ ಕಡೆ" ಎಂದಳು. ಅದು ಆ ಒಂದೂವರೆ ತಿಂಗಳಿನಲ್ಲಿ ಅವಳು ಆಡಿದ ಒಂದೇ ತಮಾಷೆ. ವಾಪಸು ಹೋಗಲಿಕ್ಕುಂಟು ಎಂದು ಅಮ್ಮ ನಂಬಿದ್ದು ತಪ್ಪೇನಲ್ಲ ಎಂದು ಆ ಕ್ಷಣಕ್ಕೆ ನಮ್ಮಿಬ್ಬರಿಗೂ ಅನಿಸಿತ್ತು. ಗೆರೆ ನಿಂತಲ್ಲೇ ನಿಂತಿತ್ತಲ್ಲ.

ಆಮೇಲೆ ಬೆಟ್ಟದ ಅದೇ ಇಳಿಜಾರಿನಲ್ಲಿ ಇನ್ನೊಂದು ಹೊಸ ಬಾಯಿ ತೆರೆಯಿತು. ಭೂಕಂಪದ ಚುಕ್ಕೆಗಳು ಮತ್ತೆ ಒತ್ತೊತ್ತಾಗಿ ಬಂದವು, ಹೊಗೆ ದ್ವೀಪದ ಅರ್ಧವನ್ನೇ ನುಂಗಿತು. ಹೊಸ ಹರಿವು ಹಳೆಯದರ ಬೆನ್ನ ಮೇಲೆ ಹತ್ತಿ ಪಕ್ಕಕ್ಕೆ ಚೆಲ್ಲುತ್ತಾ ಬಂತು. ಇನ್ನು ಕಾಣುವುದೇನಿದ್ದರೂ ರಾಡಾರಿನಲ್ಲೇ. ಒಂದು ದಿನ ಚಿತ್ರ ಬಂದಾಗ ಮನೆಯ ಸುತ್ತಮುತ್ತ ಎಲ್ಲ ಅಲ್ಲೋಲಕಲ್ಲೋಲ. ಬೆಳಿಗ್ಗೆ ಕೂತವಳು ಮಧ್ಯಾಹ್ನದ ಊಟ ಬಿಟ್ಟು ನೋಡಿದೆ. ಊರಿನ ಕೆಳಭಾಗ ಹೋಗಿತ್ತು, ಅದರಲ್ಲಿ ಸಂಶಯವಿಲ್ಲ. ಅವರ ಮನೆ ಇದ್ದಲ್ಲಿ ಮಾತ್ರ ಒಂದು ಬಿಳಿ ಹೊಳಪು ಉಳಿದಿತ್ತು. ಗೋಡೆ ಇದ್ದರೇ ಹಾಗೆ ಹೊಳೆಯುವುದು. ಆ ಹೊಳಪು ಲಾವಾದ ಹೊರಗೇ ಉಳಿಯುವ ಹಾಗೆ ಗೆರೆಯನ್ನು ಬಳಸಿ ಎಳೆದೆ. ಮನೆಗೆ ಕೆಂಪು ಹಚ್ಚದೆ, 'ಖಚಿತವಿಲ್ಲ' ಎಂಬ ಹಳದಿ ಹಚ್ಚಿದೆ.

ಎರಡನೆಯ ಜೋಡಿ ಕಣ್ಣಿನವರು ಅಂದು ಜ್ವರ ಬಂದು ಮಲಗಿದ್ದರು. ರಾಡಾರ್ ಓದಲು ಬರುವ ಇನ್ನೊಬ್ಬರು ರಜೆಯಲ್ಲಿ. ದ್ವೀಪದವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು, ಪಕ್ಕದ ಊರನ್ನು ಖಾಲಿ ಮಾಡಿಸಬೇಕೋ ಬೇಡವೋ ಎಂದು ಅವರಿಗೆ ಈಗಲೇ ಗೊತ್ತಾಗಬೇಕು. ಮುಖ್ಯಸ್ಥರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಅವರದು ಈಗ ಕಚೇರಿ ನಡೆಸುವ ಕೆಲಸ, ರಾಡಾರ್ ಓದುವುದು ಬಿಟ್ಟು ವರ್ಷಗಳಾಗಿತ್ತು. ನಾನು ಪರದೆ ಬಿಟ್ಟು ಕಣ್ಣೆತ್ತಲಿಲ್ಲ. ನಾನಿನ್ನೂ ಟೀ ಮಾಡಲು ಎದ್ದಿಲ್ಲ ಎನ್ನುವುದು ಪಕ್ಕದ ಮೇಜಿಗೆ ಗೊತ್ತಾಗಿರುತ್ತದೆ ಎಂದು ನನಗೆ ಗೊತ್ತಿತ್ತು.

"ನಾನು ನೋಡ್ತೇನೆ" ಎಂದಳು ಅವಳು.

ಮುಖ್ಯಸ್ಥರು ಬೇಡ ಎಂದರು. ಅವಳು, "ಪಕ್ಕದ ಊರಿನಲ್ಲೂ ಅಮ್ಮಂದಿರಿದ್ದಾರೆ" ಎಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬಂದು ಕೂತಳು. ಅವರು ತಡೆಯಲಿಲ್ಲ.

ಅವಳು ನೋಡಿದ ಕ್ರಮ ದಿನಾ ನೋಡುವ ಕ್ರಮವೇ. ಮೇಲಿನಿಂದ ಶುರು ಮಾಡಿ, ಗೆರೆಯ ಗುಂಟ ಇಳಿಯುತ್ತಾ, ಹಿಂದಿನ ಚಿತ್ರದ ಜೊತೆ ಹೋಲಿಸುತ್ತಾ. ಎರಡು ಕಡೆ ನನ್ನ ಗೆರೆಯನ್ನು ತುಸು ಒಳಗೆ ಸರಿಸಿದಳು, ಒಂದು ಕಡೆ ಸರಿ ಎಂದಳು. ತನ್ನ ಊರಿಗೆ ಬಂದಳು. ಆ ಬಿಳಿ ಹೊಳಪಿನ ಮೇಲೆ ಅವಳ ಕೈ ನಿಂತಿತು.

"ಇದು ಮನೆ ಅಂತ ತಿಳ್ಕೊಂಡಿಯಾ ನೀನು?"

"ಗೋಡೆ ಉಂಟಲ್ಲ. ಅಷ್ಟು ಹೊಳೀತದೆ."

"ಇದು ನಮ್ಮ ನೀರಿನ ಟ್ಯಾಂಕ್. ಮನೆಯ ಹಿಂದೆ, ಎತ್ತರದಲ್ಲಿ ಉಂಟು. ಮನೆಗಿಂತ ಮೊದಲೇ ಅಪ್ಪ ಕಟ್ಟಿದ್ದು, ಅದರ ಗೋಡೆ ಮನೆಯದ್ದಕ್ಕಿಂತ ದಪ್ಪ." ಅವಳು ಹಿಂದಿನ ವಾರದ ಚಿತ್ರವನ್ನು ಮೇಲೆ ಹಾಕಿ ತೆಗೆದು, ಮತ್ತೆ ಹಾಕಿ ತೋರಿಸಿದಳು. ಆ ಚಿತ್ರದಲ್ಲಿ ಹೊಳಪು ಎರಡಿತ್ತು, ಒಂದರ ಪಕ್ಕ ಒಂದು. ಈಗ ಒಂದೇ. "ಮನೆ ಇಲ್ಲಿ ಇತ್ತು. ಇಲ್ಲಿ ಈಗ ಎಂತದೂ ಇಲ್ಲ."

ನನಗೆ ಕಂಡದ್ದು ಒಂದು ಹೊಳಪು, ನನಗೆ ಬೇಕಾಗಿದ್ದದ್ದೂ ಒಂದು ಹೊಳಪು. ಬೇರೆ ಯಾರು ನೋಡಿದ್ದರೂ ನನ್ನ ಹಳದಿಯನ್ನು ಹಾಗೇ ಬಿಡುತ್ತಿದ್ದರು, ಅಮ್ಮನಿಗೆ ಇನ್ನೊಂದು ವಾರದ ನಂಬಿಕೆ ಸಿಗುತ್ತಿತ್ತು. ಬಿಡು, ಖಚಿತವಿಲ್ಲ ಎಂದೇ ಇರಲಿ, ಸ್ವಚ್ಛ ಚಿತ್ರ ಬರಲಿ ಎಂದು ನಾನು ಮೆಲ್ಲಗೆ ಹೇಳಿದೆ. ನಿಜಕ್ಕೂ ಬೇಡಿಕೊಂಡೆ. ಅವಳು ಆಗುವುದಿಲ್ಲ ಎಂದು ತಲೆಯಾಡಿಸಿದಳು. ಗೆರೆಯನ್ನು ಹಿಡಿದು ನಿಧಾನವಾಗಿ ಎಳೆದಳು, ಮನೆ ದಾಟಿಸಿ ಟ್ಯಾಂಕಿನ ಬುಡದವರೆಗೆ. ಹಳದಿಯನ್ನು ಕೆಂಪು ಮಾಡಿದಳು. ಪಕ್ಕದ ಊರಿನ ಕಡೆಯ ಅಂಚನ್ನೂ ಅಷ್ಟೇ ಎಚ್ಚರದಿಂದ ನೋಡಿ ಮುಗಿಸಿ, ಪರೀಕ್ಷಿಸಿದವರ ಹೆಸರು ಹಾಕುವ ಜಾಗದಲ್ಲಿ ತನ್ನ ಹೆಸರು ಬರೆದಳು. ನಕ್ಷೆ ಹೊರಟಿತು.

ನಾನು ಎದ್ದು ಹೋಗಿ ಟೀ ಮಾಡಿದೆ. ಬೇರೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ತಂದು ಅವಳ ಮುಂದೆ ಇಟ್ಟಾಗ ಅವಳು ಆ ಕಪ್ಪನ್ನೇ ನೋಡುತ್ತಾ, "ಇವತ್ತೂ ತಂದ್ಯಾ?" ಎಂದಳು. ಆಮೇಲೆ ಅತ್ತಳು. ನಾನೂ ಅತ್ತೆ. ಮುಖ್ಯಸ್ಥರು ಕಿಟಕಿಯ ಕಡೆ ತಿರುಗಿ ಪಾರ್ಕಿಂಗ್ ಜಾಗವನ್ನು ನೋಡುತ್ತಾ ನಿಂತಿದ್ದರು.

ಫೋನಿನಲ್ಲಿ ಹೇಳುವುದಿಲ್ಲ, ಎದುರು ಕೂತೇ ಹೇಳುತ್ತೇನೆ ಎಂದು ಅವಳು ಮಾರನೆಯ ಬೆಳಿಗ್ಗೆಯ ವಿಮಾನಕ್ಕೆ ಟಿಕೆಟ್ ಮಾಡಿದಳು. ಬೂದಿಯಿಂದಾಗಿ ಅವಳ ದ್ವೀಪದ ವಿಮಾನ ನಿಲ್ದಾಣ ಮುಚ್ಚಿತ್ತು. ಪಕ್ಕದ ದ್ವೀಪದಲ್ಲಿಳಿದು ಅಲ್ಲಿಂದ ದೋಣಿ ಹಿಡಿಯಬೇಕು. ಅಮ್ಮನಿಗೆ, ಟಿವಿ ನೋಡಬೇಡ, ನಾನೇ ನೋಡಿದ್ದೇನೆ, ಬಂದು ಹೇಳುತ್ತೇನೆ ಎಂದಷ್ಟೇ ತಿಳಿಸಿದ್ದಳು. ಅಮ್ಮ ಹೂಂ ಎಂದರಂತೆ. ಅಷ್ಟರಲ್ಲೇ ಅವರಿಗೆ ಗೊತ್ತಾಗಿರಬೇಕು, ತಾಯಂದಿರಲ್ಲವೇ.

ಮಾರನೆಯ ದಿನ ನಾನು ಹೊಸ ಚಿತ್ರ ತೆರೆದು ಕೂತೆ. ಜ್ವರದವರು ಮಾಸ್ಕ್ ಹಾಕಿಕೊಂಡು ಕೆಲಸಕ್ಕೆ ಬಂದಿದ್ದರು. ಪಕ್ಕದ ಮೇಜು ಖಾಲಿ. ಅವಳ ಕುರ್ಚಿಯ ಕೆಳಗೆ ಅವಳು ಹೊರಡುವ ಗಡಿಬಿಡಿಯಲ್ಲಿ ಚೆಲ್ಲಿದ ಕಾಗದದ ಚೂರುಗಳು, ಮೂಗು ಒರೆಸಿದ ಟಿಶ್ಯೂಗಳು. ಸಂಜೆಗೆ ಮುನ್ನ ಕಚೇರಿ ಸ್ವಚ್ಛ ಮಾಡುವ ಹೆಂಗಸು ವ್ಯಾಕ್ಯೂಮ್ ಎಳೆದುಕೊಂಡು ನಮ್ಮ ಸಾಲಿಗೆ ಬಂದರು. ನಾನು ಎದ್ದು ಅಡ್ಡ ನಿಂತೆ. ಈ ಮೇಜಿನ ಹತ್ತಿರ ಈಗ ಬೇಡ, ಇವಳು ಇನ್ನೂ ದಾರಿಯಲ್ಲಿದ್ದಾಳೆ ಎಂದೆ. ಆಕೆ ನನ್ನ ಮುಖವನ್ನೊಮ್ಮೆ, ನೆಲವನ್ನೊಮ್ಮೆ ನೋಡಿದರು. ಇನ್ನೂ ವಿವರಿಸಿದರೆ ನನಗೇ ತಲೆಕೆಟ್ಟಿದೆ ಎಂದುಕೊಳ್ಳುತ್ತಾರೆ ಎಂದು ಸುಮ್ಮನಾದೆ. ಆಕೆ ಭುಜ ಹಾರಿಸಿ ಮುಂದಿನ ಸಾಲಿಗೆ ಹೋದರು.

ಕೋಟು ಹಾಕಿಕೊಂಡು, ಬ್ಯಾಗು ಮಡಿಲಲ್ಲಿಟ್ಟುಕೊಂಡು ಕಾದೆ. ನನ್ನ ಎಸ್-ಬಾನ್ ಹೋಯಿತು, ಅದರ ನಂತರದ್ದೂ ಹೋಯಿತು. ಕೊನೆಗೆ ಮೆಸೇಜ್ ಬಂತು.

"ಮುಟ್ಟಿದೆ. ಹೇಳಿ ಆಯ್ತು. ನೀನೇ ನೋಡಿದ್ಯಾ ಅಂತ ಕೇಳಿದ್ಲು, ನಾನೇ ನೋಡಿದೆ ಅಂದೆ. ಅತ್ತಳು. ಆಮೇಲೆ, ನಾನು ಗುಡಿಸಿದ್ದು ಮೇಲಿಂದ ಕಾಣ್ತಿತ್ತಾ ಅಂತ ಕೇಳಿದ್ಲು. ಹೌದು ಅಮ್ಮ, ಇಡೀ ಊರಲ್ಲಿ ನಿನ್ನದೊಂದೇ ಕಾಣ್ತಿತ್ತು ಅಂದೆ."

ಅದನ್ನು ಎರಡು ಸಲ ಓದಿದೆ. ಆಮೇಲೆ ಎದ್ದು ಹೋಗಿ, ಕಾರಿಡಾರಿನ ಕೊನೆಯಲ್ಲಿದ್ದ ಆ ಹೆಂಗಸಿಗೆ, ಇನ್ನು ಗುಡಿಸಬಹುದು ಎಂದೆ.